ಬುಲೆಟ್ಟಿಗೆ ಹೊಸ ಕ್ಯಾಮು

ತನ್ನ ವಾಹನ ಇನ್ನೂ ಸ್ವಲ್ಪ ಚುರುಕಾಗಿರಬಾರದೆ ಎಂದು ಬಯಸದ ಸವಾರನು ಎತ್ತಿನ ಗಾಡಿಯ ಕಾಲದಲ್ಲಿಯೂ ಇದ್ದಿರಲಾರನು. ಅಂದು ಎತ್ತಿಗೆ ಹುರುಳಿ ಬೇಯಿಸಿ ತಿನ್ನಿಸುತ್ತಿದ್ದರು. ಇಂದು ಮೋಟಾರು ಸೈಕಲ್ಲಿಗೆ ಕ್ಯಾಮು ಹಾಕಿಸುವ ಮಾತು ನಡೆಯುತ್ತಿದೆ. ಶಿವಮೊಗ್ಗೆಯ ಗ್ಯಾರೇಜುಗಳ ಮುಂದೆ, ಭದ್ರಾವತಿಯ ಹಳೇನಗರದ ಚಹದ ಅಂಗಡಿಗಳಲ್ಲಿ, ಬುಲೆಟ್ಟಿಗೆ ಒರಗಿ ನಿಂತ ತರುಣರ ಸಂಭಾಷಣೆಗೆ ಕಿವಿಗೊಟ್ಟರೆ ಮೊದಲು ಸೈಲೆನ್ಸರು, ಅನಂತರ ಗಾಳಿಯ ಫಿಲ್ಟರು, ಕೊನೆಗೆ ದನಿ ತಗ್ಗಿಸಿ ಕ್ಯಾಮು, ಹೀಗೆ ಮಾತು ಒಂದೊಂದೇ ಮೆಟ್ಟಿಲು ಇಳಿಯುವುದು ಕೇಳಿಬರುತ್ತದೆ. ಮೊದಲಿನ ಎರಡು ಕಣ್ಣಿಗೆ ಕಾಣುವಂಥವು. ಮೂರನೆಯದು ಎಂಜಿನ್ನಿನ ಗರ್ಭದಲ್ಲಿ ಅಡಗಿರುವುದರಿಂದ ಅದರ ವಿಷಯದಲ್ಲಿ ಭಕ್ತಿ ಹೆಚ್ಚು, ತಿಳಿವಳಿಕೆ ಕಡಮೆ.

ಕನ್ನಡ ನಾಡಿನ ಸ್ವಂತ ಮೋಟಾರು ಸೈಕಲ್ಲಿನಲ್ಲಿ ಕ್ಯಾಮು ಎಂಬ ಅಂಗವೇ ಇರಲಿಲ್ಲವೆಂಬುದು ಒಂದು ಸ್ವಾರಸ್ಯ. ೧೯೬೦ರ ದಶಕದ ಆರಂಭದಿಂದ ೧೯೯೬ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್ ಜಾತಿಯವು. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳು. ಪಿಸ್ಟನ್ನು ಮೇಲೆ ಕೆಳಗೆ ಆಡುತ್ತ ತಾನೇ ಅವನ್ನು ತೆರೆಯುತ್ತದೆ, ತಾನೇ ಮುಚ್ಚುತ್ತದೆ. ಬಾಗಿಲು ಕಾಯುವ ಬೇರೆ ಆಳು ಬೇಕಿಲ್ಲ. ಆದರೆ ೧೯೫೫ರಲ್ಲಿ ಮದರಾಸಿನಲ್ಲಿ ಕಾಲೂರಿದ ಎನ್‌ಫೀಲ್ಡಿನ ಬುಲೆಟ್ಟು ಫೋರ್ ಸ್ಟ್ರೋಕ್. ಅದರಲ್ಲಿ ಗಾಳಿ ಪೆಟ್ರೋಲಿನ ಮಿಶ್ರಣವನ್ನು ಒಳಬಿಡಲು ಒಂದು ವಾಲ್ವು, ಸುಟ್ಟ ಹೊಗೆಯನ್ನು ಹೊರದೂಡಲು ಇನ್ನೊಂದು. ಈ ಎರಡು ಕವಾಟಗಳನ್ನು ಹೊತ್ತು ಹೊತ್ತಿಗೆ ತೆರೆಯುವ ದ್ವಾರಪಾಲಕನೇ ಕ್ಯಾಮು. ಹಳೆಯ ಬುಲೆಟ್ಟಿನಲ್ಲಿ ಎಂಜಿನ್ನಿನ ಬಲಮಗ್ಗುಲಿನ ಮುಚ್ಚಳದ ಹಿಂದೆ ಎರಡು ಹಲ್ಲುಚಕ್ರಗಳಿವೆ. ಒಂದೊಂದರ ಮೇಲೂ ಕೋಳಿಮೊಟ್ಟೆಯ ಆಕಾರದ ಒಂದು ಉಬ್ಬು. ಕ್ರ್ಯಾಂಕು ಎರಡು ಸುತ್ತು ತಿರುಗುವಷ್ಟರಲ್ಲಿ ಇವು ಒಂದು ಸುತ್ತು ತಿರುಗುತ್ತವೆ. ಮೊಟ್ಟೆಯ ಚೂಪಾದ ಕಡೆ ಮೇಲೆ ಬಂದಾಗ ಟ್ಯಾಪೆಟ್ಟು ಏಳುತ್ತದೆ, ಪುಷ್ ರಾಡು ಏಳುತ್ತದೆ, ರಾಕರು ಬಾಗುತ್ತದೆ, ವಾಲ್ವು ತೆರೆಯುತ್ತದೆ. ಉಬ್ಬು ದಾಟಿದೊಡನೆ ಸ್ಪ್ರಿಂಗು ಅದನ್ನು ಮತ್ತೆ ಮುಚ್ಚುತ್ತದೆ.

ಇಷ್ಟೇ ಆದರೆ ಮೊಟ್ಟೆಯ ಆಕಾರದಲ್ಲಿ ಆರಿಸಿಕೊಳ್ಳಲು ಏನಿದೆ ಎಂದು ಕೇಳಬಹುದು. ಎಲ್ಲವೂ ಅಲ್ಲಿಯೇ ಇದೆ. ಉಬ್ಬು ಎಷ್ಟು ಎತ್ತರ ಎಂಬುದರಿಂದ ಬಾಗಿಲು ಎಷ್ಟು ಅಗಲ ತೆರೆಯಬೇಕೆಂಬುದೂ, ಉಬ್ಬು ಎಷ್ಟು ದಪ್ಪ ಎಂಬುದರಿಂದ ಎಷ್ಟು ಹೊತ್ತು ತೆರೆದಿರಬೇಕೆಂಬುದೂ ನಿಶ್ಚಯವಾಗುತ್ತದೆ. ಮೊದಲನೆಯದನ್ನು ಲಿಫ್ಟ್ ಎನ್ನುತ್ತಾರೆ, ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಎರಡನೆಯದು ಡ್ಯುರೇಷನ್, ಅದನ್ನು ಕ್ರ್ಯಾಂಕು ತಿರುಗಿದ ಡಿಗ್ರಿಗಳಲ್ಲಿ ಎಣಿಸುತ್ತಾರೆ. ಎಂಜಿನ್ನಿನ ಗುಣವನ್ನೆಲ್ಲ ತಿರುಗಿಸಿಬಿಡುವುದು ಈ ಎರಡನೆಯದು.

ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಭದ್ರಾವತಿಯ ಬಸ್ಸು ಹೊರಡುವ ನೋಟವನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಜನ ಒಂದೇ ಪ್ರವಾಹವಾಗಿ ಓಡಿ ಬಂದು ನುಗ್ಗುತ್ತಿದ್ದರೆ ಕಂಡಕ್ಟರು ಬಸ್ಸು ಚಲಿಸತೊಡಗಿದ ಮೇಲೂ ಬಾಗಿಲನ್ನು ತೆರೆದೇ ಇಡುತ್ತಾನೆ. ಓಟದ ರಭಸಕ್ಕೆ ಇನ್ನೂ ನಾಲ್ಕು ಜನ ಒಳಸೇರುತ್ತಾರೆ. ಜನ ಆರಾಮವಾಗಿ ಒಬ್ಬೊಬ್ಬರೇ ಬರುತ್ತಿದ್ದು, ಒಳಗಿನವರು ಮಾತ್ರ ಒತ್ತುತ್ತಿದ್ದರೆ, ತೆರೆದ ಬಾಗಿಲಿನಿಂದ ಹತ್ತಿದವರೇ ಕೆಳಗೆ ಜಾರುತ್ತಾರೆ. ಸಿಲಿಂಡರಿನಲ್ಲಿಯೂ ಇದೇ ನ್ಯಾಯ. ಪಿಸ್ಟನ್ನು ಕೆಳಗಿನ ತುದಿಯನ್ನು ಮುಟ್ಟಿ ಮೇಲೇರತೊಡಗಿದ ಮೇಲೂ ಒಳಬಾಗಿಲು ಸ್ವಲ್ಪ ಹೊತ್ತು ತೆರೆದಿರುತ್ತದೆ. ಎಂಜಿನ್ನು ವೇಗವಾಗಿ ಓಡುತ್ತಿರುವಾಗ ನುಗ್ಗಿಬರುವ ಮಿಶ್ರಣಕ್ಕೆ ತನ್ನದೇ ರಭಸವಿರುವುದರಿಂದ ಪಿಸ್ಟನ್ನಿನ ಎದುರಿಗೂ ಅದು ಒಳಹೊಕ್ಕು ತುಂಬುತ್ತದೆ. ನಿಧಾನವಾಗಿ ಓಡುವಾಗ ಆ ರಭಸವಿಲ್ಲ. ತುಂಬಿದ್ದು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ.

ಲೆಕ್ಕ ಹಾಕಿದರೆ ಈ ನಷ್ಟ ಸಣ್ಣದಲ್ಲ. ಹಳೆಯ ೩೫೦ ಬುಲೆಟ್ಟಿನ ಸಿಲಿಂಡರಿನ ವ್ಯಾಸ ೭೦ ಮಿಲಿಮೀಟರು, ಪಿಸ್ಟನ್ನಿನ ನಡೆ ೯೦ ಮಿಲಿಮೀಟರು, ಒಟ್ಟು ಗಾತ್ರ ೩೪೬ ಸಿ.ಸಿ. ಒಳಬಾಗಿಲು ಪಿಸ್ಟನ್ನು ಮೇಲ್ತುದಿಗೆ ಬರುವುದಕ್ಕೆ ೩೦ ಡಿಗ್ರಿ ಮೊದಲೇ ತೆರೆದು, ಕೆಳತುದಿ ದಾಟಿ ೬೦ ಡಿಗ್ರಿಗೆ ಮುಚ್ಚುತ್ತದೆ ಎಂದಿಟ್ಟುಕೊಂಡರೆ ಡ್ಯುರೇಷನ್ನು ೨೭೦ ಡಿಗ್ರಿ. ಮುಚ್ಚುವ ಹೊತ್ತಿಗೆ ಪಿಸ್ಟನ್ನು ಸುಮಾರು ೧೮ ಮಿಲಿಮೀಟರು ಮೇಲೇರಿರುತ್ತದೆ. ಅಂದರೆ ನಡೆಯ ಐದನೆಯ ಒಂದು ಭಾಗ. ಇದರ ಬದಲು ೮೦ ಡಿಗ್ರಿಗೆ ಮುಚ್ಚುವ, ಪಂದ್ಯದ ಜಾತಿಯ ಕ್ಯಾಮನ್ನು ಹಾಕಿದರೆ ಪಿಸ್ಟನ್ನು ಅಷ್ಟರಲ್ಲಿ ಸುಮಾರು ೩೨ ಮಿಲಿಮೀಟರು ಏರಿಬಿಟ್ಟಿರುತ್ತದೆ. ಮೂರನೆಯ ಒಂದು ಭಾಗಕ್ಕೂ ಮಿಕ್ಕಿತು. ಪುಸ್ತಕದಲ್ಲಿ ೭.೨೫ರಷ್ಟಿರುವ ಕಂಪ್ರೆಷನ್ನು ಮೊದಲನೆಯ ಕ್ಯಾಮಿನಲ್ಲಿ, ನಿಧಾನ ಓಟದಲ್ಲಿ, ೬ರ ಹತ್ತಿರಕ್ಕೂ ಎರಡನೆಯದರಲ್ಲಿ ೫ರ ಹತ್ತಿರಕ್ಕೂ ಇಳಿಯುತ್ತದೆ. ಬುಲೆಟ್ಟು ಮೊದಲೇ ಕಡಮೆ ಕಂಪ್ರೆಷನ್ನಿನ ಯಂತ್ರ. ಅದರಲ್ಲಿ ಇನ್ನಷ್ಟನ್ನು ಬಿಟ್ಟುಕೊಟ್ಟ ಮೇಲೆ ಗಾಂಧಿ ಬಜಾರಿನ ಜನಸಂದಣಿಯಲ್ಲಿ ಕ್ಲಚ್ಚು ಬಿಟ್ಟೊಡನೆ ಅದು ಕೆಮ್ಮಿ ನಿಂತರೆ ಆಶ್ಚರ್ಯವೇನು? ಪಂದ್ಯದ ಎಂಜಿನ್ನು ಕಟ್ಟುವವರು ಉದ್ದನೆಯ ಡ್ಯುರೇಷನ್ನಿನ ಕ್ಯಾಮಿನ ಜೊತೆಗೆ ಎತ್ತರದ ಪಿಸ್ಟನ್ನು ಹಾಕಿ ಕಂಪ್ರೆಷನ್ನನ್ನು ಏರಿಸುವುದು ಇದೇ ಕಾರಣದಿಂದ. ಮಿಕ್ಕದ್ದೆಲ್ಲ ಕಾರ್ಖಾನೆಯಿಂದ ಬಂದಂತೆಯೇ ಇದ್ದು ಕ್ಯಾಮು ಮಾತ್ರ ಪಂದ್ಯದ್ದಾದರೆ, ಅದು ಮುದ್ದೆ ಉಣ್ಣುವ ಮನೆಗೆ ಬೆಳ್ಳಿ ಚಮಚೆ ತಂದಂತೆ.

ಎರಡೂ ಬಾಗಿಲುಗಳು ಒಟ್ಟಿಗೆ ಕ್ಷಣಕಾಲ ತೆರೆದಿರುವುದೂ ಉಂಟು. ಹೊರಬಾಗಿಲು ಮುಚ್ಚುವ ಮುನ್ನವೇ ಒಳಬಾಗಿಲು ತೆರೆಯುತ್ತದಲ್ಲವೆ? ಇದು ಓವರ್‌ಲ್ಯಾಪ್. ಇದು ಹೆಚ್ಚಿದಷ್ಟೂ ನಿಂತಲ್ಲಿ ಓಡುವ ಎಂಜಿನ್ನು ಕುಂಟುತ್ತ ‘ಧಡ್… ಧಡಕ್’ ಎನ್ನುತ್ತದೆ. ಈ ಕುಂಟು ಸದ್ದಿಗೆ ಮರುಳಾಗಿಯೇ ಕ್ಯಾಮು ಕೊಳ್ಳುವವರು ಅರ್ಧಕ್ಕಿಂತ ಹೆಚ್ಚು ಎಂದು ಗ್ಯಾರೇಜಿನವರು ನಗುತ್ತಾರೆ. ಸುಡದ ಪೆಟ್ರೋಲು ಹಾಗೆಯೇ ಸೈಲೆನ್ಸರಿನ ಪಾಲಾಗುತ್ತಿರುವ ಸದ್ದು ಅದು ಎಂಬುದನ್ನು ಅವರು ಗಿರಾಕಿಗೆ ಹೇಳುತ್ತಾರೋ ಇಲ್ಲವೋ!

ಇನ್ನು ಬಲದ ಮಾತು. ಜಾಹೀರಾತುಗಳು ಕುದುರೆಶಕ್ತಿಯನ್ನು ದಪ್ಪಕ್ಷರಗಳಲ್ಲಿ ಅಚ್ಚುಹಾಕುತ್ತವೆ. ಟಾರ್ಕ್ ಎಂಬ ತಿರುಚುಬಲವನ್ನು ಸಣ್ಣಕ್ಷರದಲ್ಲಿ. ದಿಬ್ಬ ಹತ್ತಿಸುವುದು ಎರಡನೆಯದು. ೨೦೨೦ರಲ್ಲಿ ಮೀಟಿಯರಿನೊಡನೆ ಬಂದ ಹೊಸ ೩೫೦ ಎಂಜಿನ್ನನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಅತ್ಯಧಿಕ ತಿರುಚುಬಲ ನಿಮಿಷಕ್ಕೆ ೪,೦೦೦ ಸುತ್ತಿನಲ್ಲಿ ೨೭ ನ್ಯೂಟನ್ ಮೀಟರು. ಅತ್ಯಧಿಕ ಶಕ್ತಿ ೬,೧೦೦ ಸುತ್ತಿನಲ್ಲಿ ೨೦.೨ ಕುದುರೆ. ಗುಣಾಕಾರ ಮಾಡಿ ನೋಡಿದರೆ ೪,೦೦೦ ಸುತ್ತಿನಲ್ಲಿ ಅದರ ಶಕ್ತಿ ಸುಮಾರು ೧೫ ಕುದುರೆ ಮಾತ್ರ. ೬,೧೦೦ರಲ್ಲಿ ತಿರುಚುಬಲ ಇಳಿದು ಸುಮಾರು ೨೩.೬. ಅಂದರೆ ಮೇಲೆ ಹೋದಂತೆ ಪ್ರತಿಯೊಂದು ಸುತ್ತಿನ ಒತ್ತು ಕುಗ್ಗುತ್ತಿದ್ದರೂ ಸುತ್ತುಗಳ ಸಂಖ್ಯೆ ಹೆಚ್ಚುವುದರಿಂದ ಕುದುರೆಶಕ್ತಿ ಏರುತ್ತಿದೆ. ಡ್ಯುರೇಷನ್ನು ಹೆಚ್ಚಿಸಿದ ಕ್ಯಾಮು ಮಾಡುವ ಕೆಲಸವೆಂದರೆ ಈ ಗುಡ್ಡವನ್ನೇ ಎತ್ತಿ ಬಲಕ್ಕೆ, ಹೆಚ್ಚು ಸುತ್ತುಗಳ ಕಡೆಗೆ, ಸರಿಸುವುದು. ಬಲದಲ್ಲಿ ಪಡೆದುದಕ್ಕೆ ಎಡದಲ್ಲಿ ಬೆಲೆ ತೆರಬೇಕು.

ಭದ್ರಾವತಿಯ ಒಬ್ಬ ತರುಣನಿದ್ದಾನೆಂದು ಇಟ್ಟುಕೊಳ್ಳಬಹುದು. ಇಂಥವರು ಅಲ್ಲಿ ಹಲವರಾದುದರಿಂದ ಹೆಸರು ಬೇಕಿಲ್ಲ. ತಂದೆ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ತೀರಿಕೊಂಡವರು. ಮಗ ಮಾಚೇನಹಳ್ಳಿಯ ಒಂದು ಎರಕದ ಕಾರ್ಖಾನೆಯಲ್ಲಿದ್ದಾನೆ. ತಂದೆ ಬಿಟ್ಟುಹೋದ ಆಸ್ತಿಯೆಂದರೆ ಎರಕದ ಕಬ್ಬಿಣದ ಸಿಲಿಂಡರಿನ ಹಳೆಯ ಬುಲೆಟ್ಟು. ವಾರದಲ್ಲಿ ಆರು ದಿನ ಅದು ಅವನನ್ನು ಕೆಲಸಕ್ಕೆ ಒಯ್ಯುತ್ತದೆ. ಏಳನೆಯ ದಿನ ತೀರ್ಥಹಳ್ಳಿಯ ಮೇಲೆ ಆಗುಂಬೆಗೆ. ಸೋಮೇಶ್ವರದಿಂದ ಹಿಂತಿರುಗಿ ಹದಿನಾಲ್ಕು ಸುತ್ತು ತಿರುವುಗಳ ಘಾಟಿಯನ್ನು ಹೆಂಡತಿಯನ್ನು ಕೂರಿಸಿಕೊಂಡು ಏರುವಾಗ ಗಾಡಿ ಏದುತ್ತದೆ. ಗೆಳೆಯರ ಹೊಸ ಗಾಡಿಗಳು ದಾಟಿ ಹೋಗುತ್ತವೆ. ಕೂಡಿಟ್ಟ ಹಣವಿದೆ. ಕ್ಯಾಮು ಹಾಕಿಸಿದರೆ ಹೇಗೆ?

ಅವನು ಶಿವಮೊಗ್ಗದ ಒಬ್ಬ ಹಿರಿಯ ಮೇಸ್ತ್ರಿಯ ಬಳಿಗೆ ಹೋದರೆ ಸಂಭಾಷಣೆ ಹೆಚ್ಚುಕಡಮೆ ಹೀಗಿರುತ್ತದೆ:

“ಮೇಸ್ತ್ರಿ, ನಮ್ಮ ಗಾಡಿಗೊಂದು ಜೋರಿನ ಕ್ಯಾಮು ಹಾಕ್ಕೊಡ್ತೀರಾ?”

“ಹಾಕ್ಬಹುದು ಮಾರಾಯ. ಈಗಿರೋದು ಸರಿಯಾಗಿದ್ಯೋ ನೋಡ್ಕೊಂಡಿದ್ದೀಯ?”

“ಅದೇನು ನೋಡೋದು? ಅಪ್ಪ ಇದ್ದಾಗಿಂದ ಹಾಗೇ ಇದೆ.”

“ಅಪ್ಪ ಇದ್ದಾಗಿಂದ ಸವೀತಾ ಬಂದಿದೆ ಅನ್ನು.”

ಮುದುಕನ ಈ ಮಾತಿನಲ್ಲಿ ಸಮಸ್ಯೆಯ ತಿರುಳೇ ಇದೆ. ಕ್ಯಾಮಿನ ಉಬ್ಬು ಎಷ್ಟೇ ಗಟ್ಟಿಯಾಗಿದ್ದರೂ ಸವೆಯುತ್ತದೆ. ಟ್ಯಾಪೆಟ್ಟಿನ ಪಾದವೂ ಸವೆಯುತ್ತದೆ. ಒಂದು ಮಿಲಿಮೀಟರು ಸವೆದರೆ ಬಾಗಿಲು ಅಷ್ಟು ಕಡಮೆ ತೆರೆಯುತ್ತದೆ, ತಡವಾಗಿ ತೆರೆದು ಬೇಗ ಮುಚ್ಚುತ್ತದೆ. ವಾಲ್ವು ಸರಿಯಾಗಿ ಕೂರದಿದ್ದರೆ, ಪಿಸ್ಟನ್ನಿನ ಉಂಗುರಗಳು ಸಡಿಲವಾಗಿದ್ದರೆ, ಕಿಡಿ ಹೊತ್ತುವ ಹೊತ್ತು ತಪ್ಪಿದ್ದರೆ, ಆ ಗಾಡಿ ಕಾರ್ಖಾನೆ ಕೊಟ್ಟ ಹದಿನೆಂಟು ಕುದುರೆಗಳಲ್ಲಿ ನಾಲ್ಕೈದನ್ನು ಎಂದೋ ಕಳೆದುಕೊಂಡಿರಬಹುದು. ಕಳೆದುಕೊಂಡವನ್ನು ಹಿಂದಕ್ಕೆ ತರುವುದು ಹೊಸ ಕುದುರೆಗಳನ್ನು ಕೊಳ್ಳುವುದಕ್ಕಿಂತ ಅಗ್ಗ. ಆದುದರಿಂದ ಮೊದಲ ಕೆಲಸ ಕೊಳ್ಳುವುದಲ್ಲ, ಅಳೆಯುವುದು. ಡಯಲ್ ಗೇಜನ್ನು ಪುಷ್ ರಾಡಿನ ತುದಿಗೆ ತಾಗಿಸಿ ಎಂಜಿನ್ನನ್ನು ಕೈಯಿಂದ ತಿರುಗಿಸಿ ಎರಡು ಉಬ್ಬುಗಳ ಎತ್ತರವನ್ನೂ ಬರೆದುಕೊಂಡು ಹೊಸದರೊಡನೆ ಹೋಲಿಸಬೇಕು. ಅರ್ಧ ಗಂಟೆಯ ಕೆಲಸ. ಬಹುಪಾಲು ಗ್ಯಾರೇಜುಗಳಲ್ಲಿ ಇದನ್ನು ಯಾರೂ ಮಾಡುವುದಿಲ್ಲವೆಂಬುದು ವಿಷಾದದ ಸಂಗತಿ.

ಇಲ್ಲಿ ಕಬ್ಬಿಣದ ಮಾತು ಸ್ವಲ್ಪ ಬೇಕು. ಭದ್ರಾವತಿಯವರಿಗೆ ಅದನ್ನು ಹೇಳುವುದು ಸಂಕೋಚದ ವಿಷಯವಾದರೂ. ಕ್ಯಾಮಿನ ಮೈ ಒಳಗೆ ಬಿರುಕು ಬಿಡದಷ್ಟು ಮೆತುವಾಗಿಯೂ ಹೊರಗೆ ಸವೆಯದಷ್ಟು ಗಡುಸಾಗಿಯೂ ಇರಬೇಕು. ಇದನ್ನು ಸಾಧಿಸಲು ಎರಡು ದಾರಿ. ಎರಕದ ಅಚ್ಚಿನಲ್ಲಿ ಉಬ್ಬು ಬರುವ ಜಾಗಕ್ಕೆ ತಣ್ಣನೆಯ ಲೋಹದ ತುಂಡನ್ನಿಟ್ಟು ಕರಗಿದ ಕಬ್ಬಿಣವನ್ನು ಸುರಿದರೆ ಆ ಭಾಗ ತಟ್ಟನೆ ತಣಿದು ಗಾಜಿನಂತೆ ಗಡುಸಾಗುತ್ತದೆ. ಇಲ್ಲವೇ ಮೆದು ಉಕ್ಕಿನ ಕ್ಯಾಮನ್ನು ಇಂಗಾಲದ ನಡುವೆ ಕಾಯಿಸಿ ಅದರ ಚರ್ಮವನ್ನು ಮಾತ್ರ ಗಟ್ಟಿ ಮಾಡಬೇಕು. ತಟ್ಟನೆ ತಣಿಸುವ ಎರಕಕ್ಕೆ ಗಂಧಕ ಕಡಮೆಯಿರುವ ಇದ್ದಿಲು ಕಬ್ಬಿಣ ಹಿಂದೆ ಬಹಳ ಹೆಸರಾಗಿತ್ತು. ೧೯೨೩ರಲ್ಲಿ ಭದ್ರಾವತಿಯ ಕುಲುಮೆಯಿಂದ ಮೊದಲು ಹರಿದದ್ದು ಮಲೆನಾಡಿನ ಸೌದೆಯ ಇದ್ದಿಲಿನಿಂದ ಕರಗಿಸಿದ ಅಂಥ ಕಬ್ಬಿಣವೇ, ಅದಿರು ಕೆಮ್ಮಣ್ಣುಗುಂಡಿಯದು. ಅನಂತರ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ಆ ಕಾರ್ಖಾನೆ ವಿಶೇಷ ಉಕ್ಕುಗಳಿಗೆ ಹೆಸರಾಯಿತು. ಅದನ್ನು ಮುಚ್ಚುವ ತೀರ್ಮಾನ ೨೦೨೩ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಧರಣಿ ಕುಳಿತದ್ದು ಆ ಊರಿನವರಿಗೆ ಮರೆಯುವ ಮಾತಲ್ಲ.

ಉಕ್ಕಿನ ಕ್ಯಾಮಿನ ಗಟ್ಟಿ ಚರ್ಮ ತೀರ ತೆಳು. ಅಗ್ಗದ ಕೆಲಸಗಾರರು ಹಳೆಯ ಕ್ಯಾಮನ್ನೇ ಸಾಣೆ ಹಿಡಿದು ಬುಡದ ದುಂಡನ್ನು ಸಣ್ಣದು ಮಾಡಿ, ‘ಲಿಫ್ಟು ಹೆಚ್ಚಾಯಿತು’ ಎಂದು ಕೊಡುತ್ತಾರೆ. ಲೆಕ್ಕಕ್ಕೆ ಹೆಚ್ಚಾದದ್ದು ನಿಜವೇ. ಆದರೆ ಚರ್ಮ ಸುಲಿದುಹೋಗಿದ್ದರೆ ಒಳಗಿನ ಮೆದು ಲೋಹ ಕೆಲವೇ ಸಾವಿರ ಮೈಲಿಗಳಲ್ಲಿ ಪುಡಿಯಾಗಿ ಎಣ್ಣೆಯಲ್ಲಿ ಬೆರೆತು ಬೇರಿಂಗುಗಳನ್ನು ಹುಡುಕಿಕೊಂಡು ಹೋಗುತ್ತದೆ. ಎರಕದ ಕಾರ್ಖಾನೆಯಲ್ಲಿ ದುಡಿಯುವ ತರುಣನಿಗೆ ಇದನ್ನು ಎರಡು ಸಲ ಹೇಳಬೇಕಾದುದಿಲ್ಲ.

ಅಳತೆಯಲ್ಲಿ ಹಳೆಯ ಕ್ಯಾಮು ಸರಿಯಾಗಿಯೇ ಇದೆ, ಆದರೂ ಬಲ ಸಾಲದು ಎಂದಾದರೆ ಆಗ ಆಯ್ಕೆಯ ಪ್ರಶ್ನೆ. ಕೇಳಿಕೊಳ್ಳಬೇಕಾದುದು ಒಂದೇ: ಗಾಡಿ ದಿನದ ಬಹುಭಾಗ ಎಷ್ಟು ಸುತ್ತಿನಲ್ಲಿ ಓಡುತ್ತದೆ? ಶಿವಮೊಗ್ಗ ಭದ್ರಾವತಿಗಳ ನಡುವೆ, ಲಾರಿ ಬಸ್ಸುಗಳ ಸಾಲಿನಲ್ಲಿ, ಅರವತ್ತು ಕಿಲೋಮೀಟರು ವೇಗದ ಹಳೆಯ ಬುಲೆಟ್ಟು ಟಾಪ್ ಗೇರಿನಲ್ಲಿ ಮೂರು ಸಾವಿರದ ಆಸುಪಾಸಿನಲ್ಲಿ ತಿರುಗುತ್ತಿರುತ್ತದೆ. ಘಾಟಿಯ ತಿರುವಿನಲ್ಲಿ ಅದಕ್ಕೂ ಕಡಮೆ. ಐದೂವರೆ ಸಾವಿರದ ಮೇಲೆ ಬಲ ಕೊಡುವ ಕ್ಯಾಮು ಆ ಹದಿನಾಲ್ಕು ತಿರುವುಗಳಲ್ಲಿ ಒಂದರಲ್ಲಿಯೂ ನೆರವಿಗೆ ಬರುವುದಿಲ್ಲ. ಇದ್ದ ಒತ್ತನ್ನೂ ಕಸಿದುಕೊಳ್ಳುತ್ತದೆ. ಇಂಥ ಸವಾರನಿಗೆ ಒಪ್ಪುವುದು ಡ್ಯುರೇಷನ್ನು ಹೆಚ್ಚುಕಡಮೆ ಮೊದಲಿನಷ್ಟೇ ಇದ್ದು ಲಿಫ್ಟು ಮಾತ್ರ ತುಸು ಹೆಚ್ಚಿರುವ, ಒಳಬಾಗಿಲನ್ನು ತಡಮಾಡದೆ ಮುಚ್ಚುವ ಸೌಮ್ಯ ಕ್ಯಾಮು. ಮಾರುವವನು ೨೮೦ ಡಿಗ್ರಿ, ೩೦೦ ಡಿಗ್ರಿ ಎಂದರೆ ಎಲ್ಲಿಂದ ಅಳೆದದ್ದೆಂದು ಕೇಳಬೇಕು. ವಾಲ್ವು ಅಲುಗಿದ ಕ್ಷಣದಿಂದ ಅಳೆದ ಅಂಕಿಗೂ, ಅದು ಒಂದು ಮಿಲಿಮೀಟರು ಎದ್ದ ಮೇಲೆ ಅಳೆದ ಅಂಕಿಗೂ ಹತ್ತಾರು ಡಿಗ್ರಿ ಅಂತರ. ಒಂದನ್ನು ಇನ್ನೊಂದರೊಡನೆ ಹೋಲಿಸುವುದು ಸೇರನ್ನು ಪಾವಿನೊಡನೆ ಹೋಲಿಸಿದಂತೆ.

ಲಿಫ್ಟು ಹೆಚ್ಚಿಸಿದರೂ ಅಪಾಯವಿಲ್ಲದಿಲ್ಲ. ವಾಲ್ವು ಇನ್ನೂ ಕೆಳಗಿಳಿದಾಗ ಏರಿಬರುವ ಪಿಸ್ಟನ್ನಿಗೆ ತಗುಲೀತು. ಪಿಸ್ಟನ್ನಿನ ತಲೆಯ ಮೇಲೆ ಮಕ್ಕಳು ಆಡುವ ಮೇಣದ ಜೇಡಿಯನ್ನು ಅಂಟಿಸಿ, ಹೆಡ್ಡನ್ನು ಕೂರಿಸಿ, ಎರಡು ಸುತ್ತು ಕೈಯಿಂದ ತಿರುಗಿಸಿ, ಮತ್ತೆ ಬಿಚ್ಚಿ ಅದರಲ್ಲಿ ಮೂಡಿದ ಗುಳಿಯ ದಪ್ಪವನ್ನು ಅಳೆಯುವುದು ಹಳೆಯ ಪದ್ಧತಿ. ಇಂದಿಗೂ ಅದಕ್ಕಿಂತ ನಂಬಿಗಸ್ತವಾದುದು ಮತ್ತೊಂದಿಲ್ಲ. ಸ್ಪ್ರಿಂಗಿನ ಸುರುಳಿಗಳು ಪೂರ್ತಿ ಒತ್ತಿಕೊಂಡು ಒಂದಕ್ಕೊಂದು ಕಚ್ಚುತ್ತವೆಯೆ ಎಂಬುದನ್ನೂ ಅದೇ ಹೊತ್ತಿನಲ್ಲಿ ನೋಡಬೇಕು. ಹೆಚ್ಚು ಸುತ್ತಿನ ಆಸೆಯಿದ್ದವರು ಇನ್ನೊಂದನ್ನು ನೆನೆಯುವುದು ಮೇಲು. ೯೦ ಮಿಲಿಮೀಟರು ನಡೆಯ ಪಿಸ್ಟನ್ನು ೫,೫೦೦ ಸುತ್ತಿನಲ್ಲಿ ಸರಾಸರಿ ಸೆಕೆಂಡಿಗೆ ಹದಿನಾರೂವರೆ ಮೀಟರು ಓಡುತ್ತದೆ. ೬,೫೦೦ಕ್ಕೆ ಏರಿಸಿದರೆ ಕನೆಕ್ಟಿಂಗ್ ರಾಡಿನ ಮೇಲಿನ ಎಳೆತ ನೂರಕ್ಕೆ ನಲವತ್ತರಷ್ಟು ಹೆಚ್ಚುತ್ತದೆ, ಏಕೆಂದರೆ ಅದು ವೇಗದ ವರ್ಗದಂತೆ ಏರುವಂಥದು. ಆ ರಾಡಿನ ಕೆಳತುದಿಯಲ್ಲಿ ಹಳೆಯ ಬುಲೆಟ್ಟಿಗಿರುವುದು ಒಂದು ತೇಲುವ ಬುಷ್ ಮಾತ್ರ. ತಂದೆಯ ಗಾಡಿ ಆಗುಂಬೆಯ ಮಳೆಯಲ್ಲಿ, ಹಿಂದೆ ಹೆಂಡತಿಯಿರುವಾಗ, ತಿರುವಿನ ನಡುವೆ ಬಿಗಿದು ನಿಲ್ಲುವುದು ಯಾವ ಕುದುರೆಶಕ್ತಿಗೂ ಸರಿದೂಗದ ಬೆಲೆ.

ಸವಾರನ ಕೆಲಸಕ್ಕೆ ತಕ್ಕ ಕ್ಯಾಮು ಎಂಬ ಕಲ್ಪನೆ ಹೊಸದೇನಲ್ಲ. ೧೯೫೦ರ ದಶಕದಲ್ಲಿ ಇಂಗ್ಲೆಂಡಿನ ಬಿ.ಎಸ್.ಎ. ಗೋಲ್ಡ್ ಸ್ಟಾರನ್ನು ಕೊಳ್ಳುವವನು ಪ್ರವಾಸಕ್ಕೋ, ಕೆಸರು ಗುಡ್ಡಗಳ ಪಂದ್ಯಕ್ಕೋ, ರಸ್ತೆಯ ಓಟಕ್ಕೋ ಎಂದು ತಿಳಿಸಿ ಅದಕ್ಕೆ ತಕ್ಕ ಕ್ಯಾಮುಗಳನ್ನು ಹಾಕಿಸಿಕೊಳ್ಳಬಹುದಿತ್ತು. ಅಮೆರಿಕದಲ್ಲಿ ಹಾರ್ಲೆಯ ಒಡೆಯರಿಗೆ ಕ್ಯಾಮು ಬದಲಾಯಿಸುವುದು ಒಂದು ಸಂಪ್ರದಾಯವೇ ಆಗಿದೆ. ಅವರಿಗಾಗಿ ಬಿಡಿಭಾಗ ಮಾಡುತ್ತ ಬೆಳೆದ ಎಸ್ ಅಂಡ್ ಎಸ್ ಸಂಸ್ಥೆ ನಮ್ಮ ೬೫೦ರ ಜೋಡಿ ಸಿಲಿಂಡರಿಗೂ ಒಂದು ಕ್ಯಾಮನ್ನು ತಯಾರಿಸಿತು. ಆ ಗಾಡಿಯಲ್ಲಿ ಕ್ಯಾಮು ಹೆಡ್ಡಿನಲ್ಲೇ ಇದೆ, ಕಂಪ್ರೆಷನ್ನು ೯.೫, ನಡೆ ೬೭.೮ ಮಿಲಿಮೀಟರು ಮಾತ್ರ. ಹೆಚ್ಚಿನ ಸುತ್ತನ್ನು ತಡೆಯುವ ಮೈಕಟ್ಟು ಅದಕ್ಕುಂಟು. ಅಲ್ಲಿ ಒಪ್ಪಿದ್ದು ಕಬ್ಬಿಣದ ಬುಲೆಟ್ಟಿಗೆ ಒಪ್ಪಲೇಬೇಕೆಂದಿಲ್ಲ. ಜೊತೆಗೆ ಈ ಹೊಸ ಗಾಡಿಗಳ ಪೆಟ್ರೋಲನ್ನು ಅಳೆದುಹಾಕುವುದು ಒಂದು ಕಂಪ್ಯೂಟರು. ಕ್ಯಾಮು ಬದಲಾದುದು ಅದಕ್ಕೆ ತಿಳಿಯದು. ತಿಳಿಸಿ ಕೊಡಬಲ್ಲವರು ಇಲ್ಲದೆ ಕೈಹಾಕಬಾರದು.

ಕಾನೂನಿನ ಮಾತನ್ನೂ ಬಿಡುವಂತಿಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ತಯಾರಕನು ಕೊಟ್ಟ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆನ್ನುತ್ತದೆ. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಕ್ಯಾಮು ಹೊರಗಿನವರಿಗೆ ಕಾಣದು, ನಿಜ. ಹೊಗೆ ಪರೀಕ್ಷೆಯ ಕೊಳವೆಗೆ ಕಾಣುತ್ತದೆ. ಆ ಪರೀಕ್ಷೆ ನಡೆಯುವುದು ಎಂಜಿನ್ನು ನಿಂತಲ್ಲೇ ಓಡುವಾಗ. ಓವರ್‌ಲ್ಯಾಪ್ ಹೆಚ್ಚಿರುವ ಕ್ಯಾಮು ಸುಡದ ಪೆಟ್ರೋಲನ್ನು ಹೆಚ್ಚಾಗಿ ಉಗುಳುವುದೂ ಆಗಲೇ.

ಆ ತರುಣನ ಗಾಡಿಯನ್ನು ಅಳೆದಾಗ ಒಳಬಾಗಿಲಿನ ಉಬ್ಬು ಸವೆದಿತ್ತೆಂದೇ ಇಟ್ಟುಕೊಂಡರೆ, ಮೇಸ್ತ್ರಿಯ ಸಲಹೆ ಏನಿದ್ದೀತೆಂಬುದನ್ನು ಊಹಿಸಬಹುದು. ಕಾರ್ಖಾನೆಯ ಅಳತೆಯದೇ ಎರಡು ಹೊಸ ಕ್ಯಾಮುಗಳು, ಅವುಗಳ ಜೊತೆಗೆ ತಪ್ಪದೆ ಹೊಸ ಟ್ಯಾಪೆಟ್ಟುಗಳು, ಹೊಸ ವಾಲ್ವ್ ಸ್ಪ್ರಿಂಗುಗಳು, ವಾಲ್ವುಗಳಿಗೆ ಅರೆತ. ಘಾಟಿಗಾಗಿ ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಡಮೆ. ಆ ಒಂದು ಹಲ್ಲು ಹಿಂಚಕ್ರದ ಒತ್ತನ್ನು ನೂರಕ್ಕೆ ಆರರಷ್ಟು ಹೆಚ್ಚಿಸುತ್ತದೆ. ಸೌಮ್ಯ ಕ್ಯಾಮೊಂದು ಮೂರು ಸಾವಿರ ಸುತ್ತಿನಲ್ಲಿ ಅಷ್ಟನ್ನು ಕೊಟ್ಟರೆ ಅದೇ ಹೆಚ್ಚು. ಕ್ಯಾಮುಗಳನ್ನು ಕೂರಿಸುವಾಗ ಹಲ್ಲುಚಕ್ರಗಳ ಗುರುತುಗಳು ಒಂದಕ್ಕೊಂದು ಎದುರಾಗಿವೆಯೆ ಎಂದು ಎರಡು ಸಲ ನೋಡಬೇಕು. ಒಂದು ಹಲ್ಲು ತಪ್ಪಿದರೆ ಇಷ್ಟು ಹೊತ್ತು ಹೇಳಿದ ಡಿಗ್ರಿಗಳೆಲ್ಲ ವ್ಯರ್ಥ. ಉಬ್ಬುಗಳಿಗೂ ಟ್ಯಾಪೆಟ್ಟಿನ ಪಾದಗಳಿಗೂ ಮಾಲಿಬ್ಡಿನಂ ಬೆರೆತ ಗ್ರೀಸನ್ನು ಧಾರಾಳವಾಗಿ ಹಚ್ಚಬೇಕು. ಎಂಜಿನ್ನು ಪೂರ್ತಿ ತಣ್ಣಗಿರುವಾಗ ಪುಷ್ ರಾಡು ಎರಡು ಬೆರಳಿನಲ್ಲಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಮೊದಲ ಸಲ ಚಾಲೂ ಮಾಡಿದ ಮೇಲೆ ನಿಧಾನ ಓಟದಲ್ಲಿ ಬಿಡದೆ ಕೆಲವು ನಿಮಿಷ ಸ್ವಲ್ಪ ಏರಿದ ವೇಗದಲ್ಲೇ ಓಡಿಸಿದರೆ ಎಣ್ಣೆ ಉಬ್ಬುಗಳಿಗೆ ಚೆನ್ನಾಗಿ ಎರಚುತ್ತದೆ. ಐದುನೂರು ಕಿಲೋಮೀಟರಿನ ಹೊತ್ತಿಗೆ ಎಣ್ಣೆಯನ್ನು ಚೆಲ್ಲಿ, ಫಿಲ್ಟರಿನ ಮಡಿಕೆಗಳನ್ನು ಬಿಡಿಸಿ, ಬಿಸಿಲಿನಲ್ಲಿ ಹಿಡಿದು ನೋಡಬೇಕು. ಲೋಹದ ಹೊಳಪು ಕಾಣದಿದ್ದರೆ ಮುಂದಿನ ಭಾನುವಾರ ತೀರ್ಥಹಳ್ಳಿಯ ಹಾದಿ ಹಿಡಿಯಬಹುದು.